ಉಚಿತವಾದದ್ದೆಲ್ಲ ಮುಕ್ತವಲ್ಲ

ಒಂದು ಬರಹ, ಹಾಡು, ಚಿತ್ರ ಅಥವಾ ಪಾಠವನ್ನು ನಕಲು ಮಾಡುವ, ಪ್ರಕಟಿಸುವ, ಅನುವಾದಿಸುವ, ಬೇರೆ ರೂಪಕ್ಕೆ ತರುವ ಹಕ್ಕಿಗೆ ಕೃತಿಸ್ವಾಮ್ಯ ಎಂದು ಹೆಸರು. ಈ ಹಕ್ಕು ಹುಟ್ಟಲು ಅರ್ಜಿ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಪುಸ್ತಕದ ಹಿಂಬದಿಯಲ್ಲಿ ಎಚ್ಚರಿಕೆಯ ಸಾಲೂ ಬೇಕಿಲ್ಲ. ಯಳಂದೂರಿನ ವಿದ್ಯಾರ್ಥಿನಿಯೊಬ್ಬಳು ಸುವರ್ಣಾವತಿ ಹೊಳೆಯ ಬಗ್ಗೆ ಸ್ವಂತವಾಗಿ ಒಂದು ಪ್ರಬಂಧ ಬರೆದು ಮುಗಿಸಿದ ಗಳಿಗೆಯಲ್ಲೇ ಅದರ ಒಡೆತನ ಅವಳದಾಗುತ್ತದೆ. ಅವಳು ಅದನ್ನು ಅಂತರ್ಜಾಲದಲ್ಲಿ ಹಾಕಿದರೂ ಒಡೆತನ ಕಳೆದುಹೋಗುವುದಿಲ್ಲ. ಓದುವವರಿಗೆ ಓದಲು ಸಿಕ್ಕಿತು, ಅಷ್ಟೇ. ಅದನ್ನು ಅಚ್ಚು ಹಾಕಿಸಲು, ತಮಿಳಿಗೆ ಅನುವಾದಿಸಲು, ತಿದ್ದಿ ಇನ್ನೊಂದು ಪಾಠದೊಳಗೆ ಸೇರಿಸಲು ಅವಳ ಒಪ್ಪಿಗೆ ಬೇಕು.

ಆನ್‌ಲೈನ್ ಶಿಕ್ಷಣದ ಮಾತು ಬಂದಾಗಲೆಲ್ಲ ಮರೆತುಹೋಗುವ ಭೇದ ಇದೇ. ಕಾಸು ಕೊಡದೆ ಸಿಗುವುದು ಉಚಿತ. ಬಳಸುವ, ಹಂಚುವ, ಬದಲಿಸುವ ಹಕ್ಕಿನೊಡನೆ ಸಿಗುವುದು ಮುಕ್ತ. ಮೊಬೈಲಿನಲ್ಲಿ ಇಂದು ಸಿಗುವ ಪಾಠಗಳಲ್ಲಿ ಹೆಚ್ಚಿನವು ಉಚಿತ, ಮುಕ್ತವಾದವು ಕಡಿಮೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಜ್ಞಾನಸಂಪತ್ತನ್ನು ಮುಂದಿಟ್ಟುಕೊಂಡರೆ ಈ ಭೇದ ಚೆನ್ನಾಗಿ ತಿಳಿಯುತ್ತದೆ. ಇಲ್ಲಿ ನೂರಾರು ವರ್ಷ ಹಳೆಯ ಗ್ರಂಥಗಳಿವೆ, ಇಂದಿಗೂ ಕಂಠದಲ್ಲೇ ಉಳಿದಿರುವ ಮಹಾಕಾವ್ಯಗಳಿವೆ, ನಾಳೆಯ ಪಾಠ ಸಿದ್ಧಪಡಿಸುತ್ತಿರುವ ಶಾಲೆಗಳಿವೆ. ಈ ಮೂರಕ್ಕೂ ಕಾನೂನು ಬೇರೆಬೇರೆಯಾಗಿ ಅನ್ವಯವಾಗುತ್ತದೆ.

ಅವಧಿ ಮುಗಿದ ಕೃತಿಗಳು

ಕೊಳ್ಳೇಗಾಲ ಸಮೀಪದ ಚಿಲುಕವಾಡಿಯ ಶಂಭುಲಿಂಗನ ಬೆಟ್ಟದೊಡನೆ ನಿಜಗುಣ ಶಿವಯೋಗಿಯ ಹೆಸರು ಬೆಸೆದುಕೊಂಡಿದೆ. ಆತನ ‘ವಿವೇಕಚಿಂತಾಮಣಿ’ ಕನ್ನಡ ಗದ್ಯದಲ್ಲಿ ರಚಿತವಾದ ವಿಶ್ವಕೋಶದಂಥ ಗ್ರಂಥ. ವೇದಾಂತ, ಯೋಗ, ಸಂಗೀತ, ವೈದ್ಯ ಮೊದಲಾಗಿ ಅಂದಿನ ಹಲವು ವಿದ್ಯೆಗಳ ಸಾರ ಅದರಲ್ಲಿದೆ. ಅದು ಮರಾಠಿಗೂ ಸಂಸ್ಕೃತಕ್ಕೂ ಅನುವಾದವಾಯಿತು. ಯಳಂದೂರಿನ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಬರೆದಳು. ‘ರಾಜಶೇಖರ ವಿಳಾಸ’ದ ಷಡಕ್ಷರದೇವನಿಗೂ ಯಳಂದೂರಿನ ಮಠಕ್ಕೂ ನಂಟು. ಈ ಕೃತಿಗಳಿಗೆ ಇಂದು ಯಾರ ಒಡೆತನವೂ ಇಲ್ಲ. ಇವು ಸಾರ್ವಜನಿಕ ಸ್ವತ್ತು. ಯಾರು ಬೇಕಾದರೂ ಅಚ್ಚು ಹಾಕಬಹುದು, ಓದಿ ಧ್ವನಿಮುದ್ರಿಸಬಹುದು, ಹೊಸಗನ್ನಡಕ್ಕೆ ತರಬಹುದು.

ಇಲ್ಲೊಂದು ಎಚ್ಚರ ಬೇಕು. ಮೂಲ ಪಠ್ಯ ಎಲ್ಲರದಾದರೂ ಇಂದಿನ ವಿದ್ವಾಂಸರು ಅದಕ್ಕೆ ಬರೆದ ಪೀಠಿಕೆ, ಟಿಪ್ಪಣಿ, ಗದ್ಯಾನುವಾದಗಳು ಅವರ ಸ್ವಂತ ದುಡಿಮೆ. ಕೋರ್ಟಿನ ತೀರ್ಪುಗಳನ್ನು ಸಂಪಾದಿಸಿ ಪ್ರಕಟಿಸುವ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಇದೇ ಮಾತನ್ನು ಹೇಳಿತು. ತೀರ್ಪಿನ ಮೂಲ ಪಠ್ಯಕ್ಕೆ ಪ್ರಕಾಶಕರು ಒಡೆಯರಲ್ಲ, ಆದರೆ ಬುದ್ಧಿ ಖರ್ಚು ಮಾಡಿ ಸೇರಿಸಿದ ಅಂಶಗಳಿಗೆ ಒಡೆಯರು. ಹೊನ್ನಮ್ಮನ ಪದ್ಯಗಳನ್ನು ಅಂತರ್ಜಾಲಕ್ಕೆ ಏರಿಸುವವರು ಪದ್ಯಗಳನ್ನು ಏರಿಸಬಹುದು, ಇತ್ತೀಚಿನ ಸಂಪಾದಕರ ಟಿಪ್ಪಣಿಗಳನ್ನು ಒಪ್ಪಿಗೆಯಿಲ್ಲದೆ ಏರಿಸುವಂತಿಲ್ಲ.

ಆಧುನಿಕ ಲೇಖಕರ ವಿಷಯದಲ್ಲಿ ವರ್ಷಗಳ ಲೆಕ್ಕ ಬರುತ್ತದೆ. 1956ರ ತನಕ ಮದ್ರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ, ಬ್ರಿಟಿಷ್ ಇಂಡಿಯಾದ 1914ರ ಕೃತಿಸ್ವಾಮ್ಯ ಕಾಯ್ದೆಯ ವ್ಯಾಪ್ತಿಯಲ್ಲಿತ್ತು. ಸ್ವತಂತ್ರ ಭಾರತ 1957ರಲ್ಲಿ ತನ್ನದೇ ಕಾಯ್ದೆ ಮಾಡಿತು. ಅದು 1958ರ ಜನವರಿ 21ರಂದು ಜಾರಿಗೆ ಬಂತು. ಮೊದಲು ಲೇಖಕರ ಜೀವಿತಾವಧಿ ಮತ್ತು ಮರಣಾನಂತರದ 50 ವರ್ಷ ರಕ್ಷಣೆ ಇತ್ತು. ರವೀಂದ್ರನಾಥ ಟ್ಯಾಗೋರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಸರ್ಕಾರ ಅದನ್ನು 60 ವರ್ಷಕ್ಕೆ ಏರಿಸಿತು. ಈ 60 ವರ್ಷಗಳನ್ನು ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ ಎಣಿಸಬೇಕು.

ಮಂಜೇಶ್ವರದ ಗೋವಿಂದ ಪೈ 1963ರಲ್ಲಿ ತೀರಿಕೊಂಡರು. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಂದು ಎಲ್ಲರ ಸ್ವತ್ತಾದವು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ರಕ್ಷಣೆ ಇದೆ. ಯಳಂದೂರು ತಾಲ್ಲೂಕಿನ ಅಗರದಲ್ಲಿ ಹುಟ್ಟಿ, ‘ವಿಗಡ ವಿಕ್ರಮರಾಯ’, ‘ಸುಗುಣ ಗಂಭೀರ’ದಂಥ ಐತಿಹಾಸಿಕ ನಾಟಕಗಳನ್ನು ಬರೆದ ಸಂಸ 1939ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳ ಅವಧಿ ಆಗಿನ 50 ವರ್ಷದ ಲೆಕ್ಕದಂತೆ 1989ರ ಕೊನೆಗೇ ಮುಗಿಯಿತು. ಆಮೇಲೆ ಬಂದ ತಿದ್ದುಪಡಿ ಮುಗಿದುಹೋದ ಹಕ್ಕಿಗೆ ಮತ್ತೆ ಜೀವ ಕೊಡಲಿಲ್ಲ. ಆದರೆ ಬದುಕಿದ್ದಾಗ ಅಚ್ಚಾಗದೆ, ರಂಗಕ್ಕೂ ಬಾರದೆ ಉಳಿದು ಲೇಖಕರು ತೀರಿಕೊಂಡ ಮೇಲೆ ಪ್ರಕಟವಾಗುವ ಕೃತಿಗಳಿಗೆ ಪ್ರಕಟಣೆಯ ವರ್ಷದಿಂದ ಲೆಕ್ಕ ಶುರುವಾಗುತ್ತದೆ. ಆದ್ದರಿಂದ ಸಂಸರ ನಾಟಕವೊಂದನ್ನು ಡಿಜಿಟಲ್ ಪುಸ್ತಕ ಮಾಡಲು ಹೊರಡುವವರು ಮೊದಲು ನೋಡಬೇಕಾದದ್ದು ಆ ನಾಟಕ ಮೊದಲ ಬಾರಿಗೆ ಯಾವ ವರ್ಷ ಅಚ್ಚಾಯಿತು ಎಂಬುದನ್ನು.

ಕಂಠದಲ್ಲಿರುವ ಕಾವ್ಯ

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸುತ್ತ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ ಕಾವ್ಯ, ನೀಲಗಾರರು ತಂಬೂರಿ ಮೀಟುತ್ತ ಹಾಡುವ ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥನ ಕನ್ನಡದ ಬಹು ದೊಡ್ಡ ಮೌಖಿಕ ಮಹಾಕಾವ್ಯಗಳು. ಇವುಗಳ ಕರ್ತೃ ಇಂಥವರೇ ಎಂದು ಹೇಳಲಾಗದು. ತಲೆಮಾರುಗಳಿಂದ ಹರಿದುಬಂದ ಕಥೆಗೆ, ಧಾಟಿಗೆ ಕೃತಿಸ್ವಾಮ್ಯವೂ ಇಲ್ಲ. ಭಾರತದ ಕಾಯ್ದೆಯಲ್ಲಿ ಜಾನಪದಕ್ಕೆಂದೇ ಪ್ರತ್ಯೇಕ ರಕ್ಷಣೆ ಇಲ್ಲ.

ಹಾಗೆಂದು ಹಾಡುವವರಿಗೆ ಹಕ್ಕೇ ಇಲ್ಲ ಎಂದಲ್ಲ. 1994ರ ತಿದ್ದುಪಡಿಯು ಪ್ರದರ್ಶಕರ ಹಕ್ಕು ಎಂಬುದನ್ನು ಕಾಯ್ದೆಗೆ ಸೇರಿಸಿತು. ಇಂದು ಆ ಹಕ್ಕು ಪ್ರದರ್ಶನ ನಡೆದ ಮರುವರ್ಷದಿಂದ 50 ವರ್ಷ ಇರುತ್ತದೆ. ಕಾಯ್ದೆಯ ಪ್ರಕಾರ ಗಾಯಕರು, ನಟರು, ನರ್ತಕರು ಮಾತ್ರವಲ್ಲ, ದೊಂಬರಾಟದವರು, ಹಾವಾಡಿಗರು, ಉಪನ್ಯಾಸ ನೀಡುವವರು ಕೂಡ ಪ್ರದರ್ಶಕರೇ. ಕಂಸಾಳೆಯ ಮೇಳವೂ, ಕ್ಯಾಮೆರಾ ಮುಂದೆ ಗಣಿತ ಹೇಳಿಕೊಡುವ ಮೇಷ್ಟರೂ ಈ ವಿಷಯದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಒಪ್ಪಿಗೆಯಿಲ್ಲದೆ ಪ್ರದರ್ಶನವನ್ನು ಮುದ್ರಿಸಿ ಮಾರುವಂತಿಲ್ಲ. 2012ರ ತಿದ್ದುಪಡಿ ಇನ್ನೊಂದು ಹಕ್ಕನ್ನು ಸ್ಪಷ್ಟವಾಗಿ ಬರೆಯಿತು: ತಮ್ಮ ಹೆಸರು ನಮೂದಾಗಬೇಕೆಂದು ಕೇಳುವ, ತಮ್ಮ ಪ್ರದರ್ಶನವನ್ನು ಗೌರವಕ್ಕೆ ಕುಂದು ಬರುವಂತೆ ತಿರುಚುವುದನ್ನು ವಿರೋಧಿಸುವ ಹಕ್ಕು ಪ್ರದರ್ಶಕರಿಗಿದೆ. ಇನ್ನು ಧ್ವನಿಮುದ್ರಣದ ಹಕ್ಕು ಅದನ್ನು ಸಿದ್ಧಪಡಿಸಿದವರದು, ಅವಧಿ ಪ್ರಕಟಣೆಯಿಂದ 60 ವರ್ಷ. 2000ದಲ್ಲಿ ಹಾಡಿ ಅದೇ ವರ್ಷ ಬಿಡುಗಡೆಯಾದ ಕ್ಯಾಸೆಟ್ಟಿನಲ್ಲಿ ಹಾಡಿದವರ ಹಕ್ಕು 2050ರ ಕೊನೆವರೆಗೆ, ಕಂಪನಿಯ ಹಕ್ಕು 2060ರ ಕೊನೆವರೆಗೆ ಇರುತ್ತದೆ. ಕಥೆ ಎಲ್ಲರದು, ಕ್ಯಾಸೆಟ್ ಎಲ್ಲರದಲ್ಲ.

ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಮಾದಪ್ಪನ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೆ ತಂದರು. 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿದ ಆ ಪುಸ್ತಕದ ಶೀರ್ಷಿಕೆಯ ಭಾಗವಾಗಿಯೇ ಹಾಡಿದವರ ಹೆಸರಿದೆ. ಜನಪದ ಕಾವ್ಯವನ್ನು ಅಂತರ್ಜಾಲಕ್ಕೆ ತರುವವರೆಲ್ಲ ಅನುಸರಿಸಬೇಕಾದ ಮೇಲ್ಪಂಕ್ತಿ ಇದು.

ಕೃತಿಸ್ವಾಮ್ಯ ಮುಟ್ಟಲಾರದ ಪ್ರಶ್ನೆಗಳೂ ಇವೆ. 2020ರ ಆಗಸ್ಟ್‌ನಲ್ಲಿ ಮಾದಪ್ಪನ ಕಾವ್ಯದ ‘ಕೋಲುಮಂಡೆ’ ಹಾಡನ್ನು ಹೊಸ ಧಾಟಿಯಲ್ಲಿ ಚಿತ್ರಿಸಿದ ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ಬಗೆಗೆ ಭಕ್ತರು ತೀವ್ರವಾಗಿ ನೊಂದುಕೊಂಡರು. ಕೊನೆಗೆ ಆ ವಿಡಿಯೊವನ್ನು ತೆಗೆಯಲಾಯಿತು. ಹಾಡು ಸಾರ್ವಜನಿಕ ಸ್ವತ್ತಾದರೂ ಅದನ್ನು ಕಾಪಾಡಿಕೊಂಡು ಬಂದ ಸಮುದಾಯದ ಮಾತು ಕೇಳಬೇಕಾದ ನೈತಿಕ ಹೊಣೆ ಉಳಿದೇ ಇರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗಿಡಮೂಲಿಕೆಯ ತಿಳಿವಳಿಕೆಯೂ ಹೀಗೆಯೇ. ಅದು ಕೃತಿಸ್ವಾಮ್ಯದ ವಿಷಯವಲ್ಲ, 2002ರ ಜೀವವೈವಿಧ್ಯ ಕಾಯ್ದೆಯ ವಿಷಯ. ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕೆಂಬ ಉತ್ಸಾಹ ಅಂಥ ಕಡೆ ಸಮುದಾಯದ ಒಪ್ಪಿಗೆಗೆ ತಲೆಬಾಗಬೇಕು.

ತರಗತಿಗೆ ಕಾನೂನು ಕೊಟ್ಟ ಅವಕಾಶ

ಅವಧಿ ಮುಗಿಯದ ಕೃತಿಗಳನ್ನೂ ಕಲಿಕೆಗೆ ಬಳಸಲು ಕಾಯ್ದೆಯ 52ನೇ ಸೆಕ್ಷನ್ ಕೆಲವು ದಾರಿಗಳನ್ನು ಬಿಟ್ಟಿದೆ. ಸ್ವಂತ ಅಧ್ಯಯನ, ಸಂಶೋಧನೆ, ವಿಮರ್ಶೆಗಾಗಿ ನ್ಯಾಯಯುತ ಪ್ರಮಾಣದಲ್ಲಿ ಬಳಸಬಹುದು. ಪಾಠ ಹೇಳುವ ಸಂದರ್ಭದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಕೃತಿಯನ್ನು ನಕಲು ಮಾಡಿಕೊಳ್ಳಬಹುದು. ಪ್ರಶ್ನೆಪತ್ರಿಕೆಯಲ್ಲಿ, ಉತ್ತರದಲ್ಲಿ ಬಳಸಬಹುದು. ಗೆಜೆಟ್, ನ್ಯಾಯಾಲಯದ ತೀರ್ಪುಗಳನ್ನು ಮರುಪ್ರಕಟಿಸಬಹುದು.

ಇದರ ವ್ಯಾಪ್ತಿ ಎಷ್ಟೆಂಬ ಪ್ರಶ್ನೆ ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯಿಂದ ಎದ್ದಿತು. ಪುಸ್ತಕಗಳ ಅಧ್ಯಾಯಗಳನ್ನು ಸೇರಿಸಿ ಪಠ್ಯಕಟ್ಟು ಮಾಡಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದ ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್ ವಿರುದ್ಧ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಮೊದಲಾದ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಂಗಡಿಯ ಪರ ತೀರ್ಪಿತ್ತಿತು. ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ, ಬೋಧನೆಯ ಸಂದರ್ಭ ಎಂಬುದನ್ನು ತರಗತಿಯ ನಾಲ್ಕು ಗೋಡೆಗಳಿಗೆ ಮಾತ್ರ ಸೀಮಿತಗೊಳಿಸಲಾಗದು ಎಂಬ ನಿಲುವು ತಾಳಿತು. 2017ರಲ್ಲಿ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು. ಕೊಳ್ಳೇಗಾಲದಂಥ ಊರಿನಲ್ಲಿ ದುಬಾರಿ ಪುಸ್ತಕ ಕೊಳ್ಳಲಾಗದೆ ಅಧ್ಯಾಯವೊಂದರ ನಕಲು ಮಾಡಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಈ ತೀರ್ಪು ದೊಡ್ಡ ಆಸರೆ.

ಅಂಗವಿಕಲರಿಗಾಗಿ ಕೃತಿಗಳನ್ನು ಬ್ರೈಲ್‌ಗೆ, ಧ್ವನಿಗೆ ಪರಿವರ್ತಿಸಲು 2012ರ ತಿದ್ದುಪಡಿ ಅವಕಾಶ ಕೊಟ್ಟಿತು. ದೃಷ್ಟಿದೋಷವುಳ್ಳ ಓದುಗರಿಗಾಗಿ 2013ರಲ್ಲಿ ರೂಪುಗೊಂಡ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ.

ಈ ವಿನಾಯಿತಿಗಳಿಗೂ ಮಿತಿಯಿದೆ. ತನ್ನ ತರಗತಿಯ ಮಕ್ಕಳಿಗೆ ಪದ್ಯವೊಂದರ ಪ್ರತಿ ಹಂಚುವುದು ಒಂದು ಸಂಗತಿ, ಅದೇ ಪದ್ಯವಿರುವ ಪುಸ್ತಕವನ್ನು ಇಡೀ ಜಗತ್ತಿಗೆ ಕಾಣುವಂತೆ ಯೂಟ್ಯೂಬ್‌ನಲ್ಲೋ ಜಾಲತಾಣದಲ್ಲೋ ಇಡುವುದು ಇನ್ನೊಂದು. 2020ರಲ್ಲಿ ಶಾಲೆಗಳು ಮುಚ್ಚಿ, ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾಗಿ, ಶಿಕ್ಷಕರು ಮನೆಯಂಗಳದಲ್ಲಿ ‘ವಿದ್ಯಾಗಮ’ ನಡೆಸಿದಾಗ ಪಾಠ ಶಾಲೆಯ ಗೋಡೆ ದಾಟಿತು. ಗೋಡೆ ದಾಟಿದ ಪಾಠಕ್ಕೆ ವಿನಾಯಿತಿಯ ಆಸರೆಯೊಂದೇ ಸಾಲದು. ಅಲ್ಲಿ ಬೇಕಾಗುವುದು ಮುಕ್ತ ಪರವಾನಗಿ.

ಮುಯ್ಯಿಯ ನ್ಯಾಯ

ಮುಕ್ತ ಪರವಾನಗಿ ಎಂದರೆ ಕೃತಿಸ್ವಾಮ್ಯವನ್ನು ಬಿಟ್ಟುಕೊಡುವುದಲ್ಲ. ಒಡೆಯರು ಒಡೆಯರಾಗಿಯೇ ಉಳಿದು, ಇಂತಿಂಥ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಿ, ನನ್ನನ್ನು ಕೇಳಬೇಕಾಗಿಲ್ಲ ಎಂದು ಮೊದಲೇ ಬರೆದು ಕೊಡುವ ಒಪ್ಪಿಗೆ. ತಂತ್ರಾಂಶ ಲೋಕದಲ್ಲಿ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಜಿಪಿಎಲ್ ಪರವಾನಗಿಯ ಮೂಲಕ ಈ ದಾರಿ ತೋರಿದರು. ಬರಹ, ಚಿತ್ರ, ಹಾಡು, ಪಾಠಗಳಿಗೆ ಒಪ್ಪುವಂತೆ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರ ಡಿಸೆಂಬರ್‌ನಲ್ಲಿ ತನ್ನ ಮೊದಲ ಪರವಾನಗಿಗಳನ್ನು ಹೊರತಂದಿತು. ಅದೇ ವರ್ಷ ಯುನೆಸ್ಕೊ ಸಭೆಯೊಂದರಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು ಚಾಲ್ತಿಗೆ ಬಂತು.

ಕ್ರಿಯೇಟಿವ್ ಕಾಮನ್ಸ್‌ನ ಆರು ಮುಖ್ಯ ಪರವಾನಗಿಗಳು ನಾಲ್ಕು ಷರತ್ತುಗಳ ಜೋಡಣೆ. ಬಿವೈ ಎಂದರೆ ಕರ್ತೃವಿನ ಹೆಸರು ಹೇಳಬೇಕು. ಎಸ್‌ಎ ಎಂದರೆ ಬದಲಿಸಿ ಹಂಚಿದರೆ ಅದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಎನ್‌ಸಿ ಎಂದರೆ ವ್ಯಾಪಾರಕ್ಕೆ ಬಳಸಬಾರದು. ಎನ್‌ಡಿ ಎಂದರೆ ಬದಲಿಸಿ ಹಂಚಬಾರದು. ಹೆಸರು ಹೇಳುವ ಷರತ್ತು ಆರರಲ್ಲೂ ಇದೆ.

ಎಸ್‌ಎ ಷರತ್ತನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಕೂಲಿ ಇಲ್ಲ, ಆದರೆ ಪಡೆದವರು ತಿರುಗಿ ದುಡಿಯಬೇಕು. ಎಸ್‌ಎ ಷರತ್ತು ಜ್ಞಾನದ ಮುಯ್ಯಿ. ನನ್ನ ಪಾಠವನ್ನು ತಿದ್ದಿ ಬಳಸು, ನೀನು ತಿದ್ದಿದ್ದನ್ನೂ ಊರಿಗೆ ಬಿಡು ಎಂಬುದು ಅದರ ಅರ್ಥ. ಎನ್‌ಡಿ ಷರತ್ತಿರುವ ಪಾಠವನ್ನು ಮಾತ್ರ ಅನುವಾದಿಸಿ ಹಂಚುವಂತಿಲ್ಲ, ಏಕೆಂದರೆ ಅನುವಾದವೂ ಬದಲಾವಣೆಯೇ. ಕಲಿಕೆಗೆ ಇದರಿಂದ ಉಪಯೋಗ ಕಡಿಮೆ.

ಕನ್ನಡದಲ್ಲಿ ನಡೆದ ಕೆಲಸ

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಬಿವೈ-ಎಸ್‌ಎ ಪರವಾನಗಿಯಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಡಿಸಿತು. 14 ಸಂಪುಟಗಳ ಆ ಕೋಶದ ಲೇಖನಗಳು ಇಂದು ಕನ್ನಡ ವಿಕಿಸೋರ್ಸ್‌ನಲ್ಲಿ ಓದಲೂ ಬಳಸಲೂ ಸಿಗುತ್ತವೆ. ವಿವೇಕಚಿಂತಾಮಣಿಯಂತೆ ಇದನ್ನೂ ಯಾರು ಬೇಕಾದರೂ ಇನ್ನೊಂದು ಭಾಷೆಗೆ ಕೊಂಡೊಯ್ಯಬಹುದು. ಅದೇ ವರ್ಷ ಕಾದಂಬರಿಕಾರ ನಿರಂಜನರ 55 ಪುಸ್ತಕಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಬಿವೈ-ಎಸ್‌ಎ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ಇಲ್ಲದಿದ್ದರೆ ಈ ಕೃತಿಗಳಿಗಾಗಿ ನಿರಂಜನರ ಮರಣಾನಂತರದ 60 ವರ್ಷ ಮುಗಿಯುವವರೆಗೆ ಕಾಯಬೇಕಿತ್ತು. ಕುಟುಂಬದ ಒಂದು ನಿರ್ಧಾರದಿಂದ ಓದುಗರ ದಶಕಗಳ ಕಾಯುವಿಕೆ ತಪ್ಪಿತು.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದ ಮಕ್ಕಳ ಕಥೆಗಳು ಬಿವೈ ಪರವಾನಗಿಯಲ್ಲಿವೆ. ಅವನ್ನು ಇಳಿಸಿಕೊಂಡು ಅಚ್ಚು ಹಾಕಬಹುದು, ಬೇರೆ ನುಡಿಗೆ ತರಬಹುದು. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣವೂ ಇದೇ ದಾರಿಯದು. ವಿಕಿ ಮಾದರಿಯ ಆ ತಾಣದಲ್ಲಿ ಶಿಕ್ಷಕರು ಪಾಠ ಓದುವವರಷ್ಟೇ ಅಲ್ಲ, ಬರೆಯುವವರೂ ಹೌದು. ರಾಷ್ಟ್ರ ಮಟ್ಟದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್, 2013ರಲ್ಲಿ ಬಂದ ರಾಷ್ಟ್ರೀಯ ಮುಕ್ತ ಶೈಕ್ಷಣಿಕ ಸಂಪನ್ಮೂಲ ಭಂಡಾರ ಬಿವೈ-ಎಸ್‌ಎ ಪರವಾನಗಿಯನ್ನು ಆರಿಸಿಕೊಂಡಿವೆ. 2017ರಲ್ಲಿ ಬಂದ ದೀಕ್ಷಾ ವೇದಿಕೆಯಲ್ಲಿ ಪಾಠದ ವಿವರದೊಳಗೆ ಪರವಾನಗಿಯೂ ನಮೂದಾಗಿರುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಒತ್ತಿ ಪಾಠ ನೋಡುವವರು ಆ ಸಾಲನ್ನೂ ನೋಡಬೇಕು.

ಕಾಡಂಚಿನ ಶಾಲೆಗೆ ಇದರ ಬೆಲೆ

ಹನೂರು ತಾಲ್ಲೂಕಿನ ಇಂಡಿಗನತ್ತ, ಮೆಂದಾರೆ, ಪಡಸಲನತ್ತದಂಥ ಕಾಡೊಳಗಿನ ಊರುಗಳಿಗೆ ರಸ್ತೆಯೇ ಕಷ್ಟ, ಮೊಬೈಲ್ ಸಂಕೇತ ಇನ್ನೂ ಕಷ್ಟ. ಅಂತರ್ಜಾಲದಲ್ಲೇ ಕೂತು ನೋಡಬೇಕಾದ ಉಚಿತ ವಿಡಿಯೊ ಅಲ್ಲಿನ ಮಗುವಿಗೆ ಇದ್ದೂ ಇಲ್ಲದಂತೆ. ಮುಕ್ತ ಪರವಾನಗಿಯ ಪಾಠವನ್ನು ಕೊಳ್ಳೇಗಾಲದಲ್ಲಿ ಪೆನ್‌ಡ್ರೈವಿಗೆ ಇಳಿಸಿ, ಶಾಲೆಯ ಕಂಪ್ಯೂಟರಿಗೆ ಹಾಕಿ, ಕಾಗದಕ್ಕೆ ಅಚ್ಚು ಮಾಡಿ ಹಂಚಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಎರಡನೆಯ ಬೆಲೆ ಭಾಷೆಯದು. ತಮಿಳುನಾಡಿನ ಗಡಿಗೆ ಅಂಟಿಕೊಂಡ ಈ ಭಾಗದಲ್ಲಿ ಮನೆಯಲ್ಲಿ ತಮಿಳಾಡುವ ಮಕ್ಕಳಿದ್ದಾರೆ. ಒಡೆಯರಪಾಳ್ಯದ ಬಳಿ 1974ರಿಂದ ಟಿಬೆಟನ್ನರ ನೆಲೆಯಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ನುಡಿಯಿದೆ. ಇಷ್ಟು ಸಣ್ಣ ಓದುಗ ಬಳಗಕ್ಕಾಗಿ ಯಾವ ಪ್ರಕಾಶಕರೂ ಪುಸ್ತಕ ಮಾಡುವುದಿಲ್ಲ. ಅನುವಾದದ ಹಕ್ಕು ಮೊದಲೇ ಸಿಕ್ಕಿರುವ ಕಥೆಯನ್ನು ಮಾತ್ರ ಊರಿನ ಮೇಷ್ಟರೊಬ್ಬರು ಒಂದು ಸಂಜೆಯಲ್ಲಿ ಸೋಲಿಗ ನುಡಿಗೆ ತಂದು ಮಕ್ಕಳ ಕೈಗಿಡಬಹುದು.

ಪರವಾನಗಿ ಬರೆಯುವ ಬಗೆ

ಕೃತಿಗೆ ಯಾರು ಒಡೆಯರೋ ಅವರು ಮಾತ್ರ ಪರವಾನಗಿ ಕೊಡಬಲ್ಲರು. ಪ್ರಕಾಶಕರಿಗೆ ಸ್ವಾಮ್ಯವನ್ನು ಬರೆದುಕೊಟ್ಟ ಲೇಖಕರಿಗೆ ಆ ಅಧಿಕಾರ ಉಳಿದಿರುವುದಿಲ್ಲ. ನೌಕರಿಯ ಭಾಗವಾಗಿ ಸಿದ್ಧಪಡಿಸಿದ ಕೃತಿಯ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗ ಕೊಟ್ಟವರದು. ಆದ್ದರಿಂದ ಸರ್ಕಾರಿ ಶಿಕ್ಷಕರು ಇಲಾಖೆಗಾಗಿ ಮಾಡಿದ ಪಾಠಕ್ಕೆ ಇಲಾಖೆಯೇ ಮುಕ್ತ ಪರವಾನಗಿ ಘೋಷಿಸುವುದು ಸರಿಯಾದ ಕ್ರಮ.

ಒಪ್ಪಿಗೆ ಬರಹದಲ್ಲಿರಬೇಕು. 2012ಕ್ಕೆ ಮುಂಚೆ ಪರವಾನಗಿಗೆ ಒಡೆಯರ ಸಹಿಯೂ ಬೇಕಿತ್ತು. ತಿದ್ದುಪಡಿಯು ಸಹಿಯ ಮಾತನ್ನು ತೆಗೆದದ್ದರಿಂದ ಅಂತರ್ಜಾಲದ ಪರವಾನಗಿಗಳಿಗೆ ದಾರಿ ಸುಗಮವಾಯಿತು. ‘ಯಾರು ಬೇಕಾದರೂ ಬಳಸಬಹುದು’ ಎಂಬ ಬರಿಯ ಮಾತು ಸಾಲದು ಎಂಬುದಕ್ಕೂ ಕಾಯ್ದೆಯಲ್ಲೇ ಕಾರಣವಿದೆ. ಅವಧಿ ಹೇಳದಿದ್ದರೆ ಕೊಟ್ಟ ಹಕ್ಕು 5 ವರ್ಷಕ್ಕೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತ ಎಂದು 19ನೇ ಸೆಕ್ಷನ್ ಭಾವಿಸುತ್ತದೆ, ಅದನ್ನು 30ಎ ಸೆಕ್ಷನ್ ಪರವಾನಗಿಗಳಿಗೂ ಹೊಂದಿಸುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಜಗತ್ತಿನಾದ್ಯಂತ, ಸ್ವಾಮ್ಯದ ಅವಧಿ ಮುಗಿಯುವ ತನಕ ಎಂದು ಸ್ಪಷ್ಟವಾಗಿ ಬರೆದಿರುವುದರಿಂದ ಆ ತೊಡಕಿಲ್ಲ. ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಡಲು ಬಯಸುವವರು 21ನೇ ಸೆಕ್ಷನ್ ಪ್ರಕಾರ ಕೃತಿಸ್ವಾಮ್ಯ ರಿಜಿಸ್ಟ್ರಾರರಿಗೆ ಅಥವಾ ಸಾರ್ವಜನಿಕ ಪ್ರಕಟಣೆಯ ಮೂಲಕ ತಿಳಿಸಬಹುದು. ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಹಿಂಪಡೆಯಲಾಗದು ಎಂಬುದನ್ನು ಕೊಡುವ ಮುನ್ನವೇ ಯೋಚಿಸಬೇಕು.

ಬಳಸುವವರ ಕರ್ತವ್ಯ ಇನ್ನೂ ಸರಳ. ಕೃತಿಯ ಹೆಸರು, ಕರ್ತೃವಿನ ಹೆಸರು, ಸಿಕ್ಕ ಜಾಗ, ಪರವಾನಗಿಯ ಹೆಸರು ಈ ನಾಲ್ಕನ್ನು ಬರೆಯಬೇಕು. ಬದಲಾವಣೆ ಮಾಡಿದ್ದರೆ ಅದನ್ನೂ ಹೇಳಬೇಕು.

ಈ ಮೂರು ತಾಲ್ಲೂಕುಗಳ ಶಾಲೆ, ಗ್ರಂಥಾಲಯ, ಕಲಾಮೇಳಗಳು ಅಂತರ್ಜಾಲಕ್ಕೆ ಏನನ್ನು ಏರಿಸಿದರೂ ಕೊನೆಯಲ್ಲಿ ಪರವಾನಗಿಯ ಒಂದು ಸಾಲು ಸೇರಿಸಲಿ. ಹಾಡಿದವರ, ಬರೆದವರ ಹೆಸರು ಆ ಸಾಲಿನಲ್ಲಿರಲಿ. ಆ ಸಾಲಿಲ್ಲದ ಪಾಠವನ್ನು ಕಾನೂನಿನ ಕಣ್ಣಿನಲ್ಲಿ ನೋಡಬಹುದು, ಮುಟ್ಟುವಂತಿಲ್ಲ.